ಕಾಶೀಬಾಯಿಯ ದನಿ

ಕಳೆದ ತಿಂಗಳು ಮೊಮ್ಮಗಳಿಗೆ ಶಾಲೆಯ ಅಂಗಿ ಕೊಳ್ಳಲು ಲಂಡನ್ನಿನ ಅಂಚಿನ ನಮ್ಮ ಹ್ಯಾರೋದ ದೊಡ್ಡ ಅಂಗಡಿಯೊಂದಕ್ಕೆ ಹೋಗಿದ್ದೆ. ಮೂರು ಬಿಳಿ ಅಂಗಿಗಳ ಪೊಟ್ಟಣ. ಅಳತೆ ಸರಿಹೋಗುತ್ತದೋ ಇಲ್ಲವೋ ನೋಡೋಣವೆಂದು ಪ್ಲಾಸ್ಟಿಕ್ ಬಿಚ್ಚಿದೆ. ಹೊಸ ಬಟ್ಟೆಯ ವಾಸನೆ ಮೂಗಿಗೆ ಹೊಡೆಯಿತು. ಗಂಜಿ, ಇಸ್ತ್ರಿಯ ಹಬೆ, ಅದರೊಳಗೆ ಎಂಥದೋ ಔಷಧದ ಘಾಟು. "ಅಜ್ಜಿ, ಆರ್ ಯು ಓಕೆ?" ಎಂದಿತು ಹುಡುಗಿ. ನಾನು ಓಕೆ ಇರಲಿಲ್ಲ. ಪೊಟ್ಟಣವನ್ನು ಅಲ್ಲೇ ಇಟ್ಟು, ಅಂಗಿ ಇನ್ನೊಂದು ದಿನ ಕೊಂಡರಾಯಿತು ಎಂದು ಅವಳ ಕೈ ಹಿಡಿದು ಹೊರಗೆ ಬಂದುಬಿಟ್ಟೆ. ಇನ್ನೊಂದು ದಿನವೂ ಅದೇ ಅಂಗಡಿಗೇ ಹೋಗುತ್ತೇನೆ, ಅದೂ ನನಗೆ ಗೊತ್ತು.

ಆ ವಾಸನೆ ನನ್ನ ಪಾಲಿಗೆ ಎರಡು ಸಾವಿರದ ಮೂರನೇ ಇಸವಿಯ ಚಳಿಗಾಲದ್ದು. ಇಪ್ಪತ್ತು ವರ್ಷದ ಮೇಲಾಯಿತು. ಆ ಚಳಿಗಾಲ ಕಳೆದ ಮೇಲೆ ಯಾರಿಗೂ ಪೂರ್ತಿ ಹೇಳಿಲ್ಲ. ಹೇಳಿದರೆ "ನಿಮ್ಮದೇನು ತಪ್ಪು ಬಿಡಿ" ಎನ್ನುತ್ತಾರೆ. ಆ ಮಾತು ಕೇಳಲು ನನಗೆ ಇಷ್ಟವಿಲ್ಲ.

ಆಗ ನಾವು ಹ್ಯಾರೋಗೆ ಬಂದು ಹದಿನೆಂಟು ವರ್ಷ. ನಮ್ಮ ಮನೆಯವರು ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು. ನಾನು ಜಿ.ಪಿ. ಒಬ್ಬರ ಕ್ಲಿನಿಕ್ಕಿನಲ್ಲಿ ವಾರಕ್ಕೆ ಮೂರು ದಿನ ಫೋನ್ ಎತ್ತುವ, ಕೆಮ್ಮುವವರನ್ನು ಸಾಲಾಗಿ ಕೂರಿಸುವ ಕೆಲಸದವಳು. ಇಬ್ಬರೂ ಧಾರವಾಡದವರು. ಆದರೆ ನಮ್ಮ ಧಾರವಾಡ ನಮ್ಮ ಅಡುಗೆಮನೆಯ ಬಾಗಿಲು ದಾಟುತ್ತಿರಲಿಲ್ಲ. ನಾವು ಹೋಗುವ ಕನ್ನಡದ ಕೂಟಗಳಲ್ಲಿ ಮೈಸೂರು, ಬೆಂಗಳೂರಿನವರೇ ಹೆಚ್ಚು. ಬಂದ ಹೊಸತರಲ್ಲಿ ನಾನು "ಚಹಾ ಕುಡೀತೀರೇನ್ರಿ?" ಎಂದರೆ ಸಾಕು, "ಅಯ್ಯೋ, ಎಷ್ಟು ಮುದ್ದಾಗಿದೆ ರೀ, ಇನ್ನೊಂದ್ಸಲ ಹೇಳಿ" ಎಂದು ಸುತ್ತ ಸೇರುತ್ತಿದ್ದರು. ಕೆಟ್ಟ ಮನಸ್ಸೇನೂ ಅಲ್ಲ. ಆದರೂ ಮನುಷ್ಯಳಾದವಳು ಎಷ್ಟು ಸಲ ಮುದ್ದಾಗಿರಲು ಸಾಧ್ಯ? ಎರಡು ವರ್ಷದೊಳಗೆ ನಾನು "ಕಾಫಿ ತಗೋತೀರಾ?" ಎನ್ನುವುದನ್ನು ಕಲಿತೆ. ಯಾರೂ ಒತ್ತಾಯ ಮಾಡಲಿಲ್ಲ, ನಾನಾಗಿಯೇ ಕಲಿತೆ.

ಆ ವರ್ಷ ಮಕ್ಕಳಿಗೆ ಶನಿವಾರ ಕನ್ನಡ ಕಲಿಸುತ್ತೇನೆಂದು ನಾವು ಇಡ್ಲಿರವೆ ಕೊಳ್ಳುವ ಅಂಗಡಿಯ ಗೋಡೆಗೆ ಚೀಟಿ ಅಂಟಿಸಿದ್ದೆ. ಒಂದು ಮಗುವೂ ಬರಲಿಲ್ಲ. ಬಂದದ್ದು ಆ ಚೀಟಿ ನೋಡಿದ ಹೆಲೆನ್‌ಳ ಫೋನು.

ಹೆಲೆನ್ ಟಿ.ವಿ.ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದ ಹೆಂಗಸು. ಮೂವತ್ತೈದರ ಆಸುಪಾಸು, ಮೊಣಕೈಯಲ್ಲಿ ತೂತು ಬಿದ್ದ ಒಂದೇ ಸ್ವೆಟರ್. ಹೊಸ ಬಟ್ಟೆ ಕೊಳ್ಳುವುದನ್ನೇ ಬಿಟ್ಟಿದ್ದಾಳೆ ಎಂದು ಆಮೇಲೆ ತಿಳಿಯಿತು. ಲಂಡನ್ನಿನ ಬೀದಿಗಳಲ್ಲಿ ಒಂದು ಸ್ಯಾಂಡ್‌ವಿಚ್ಚಿನ ಬೆಲೆಗೆ ಸಿಗುವ ಅಂಗಿಗಳನ್ನು ಹೊಲಿಯುವ ಹೆಂಗಸರು ಯಾರು, ಅವರು ಹೇಗೆ ಬದುಕುತ್ತಾರೆ ಎಂಬುದು ಅವಳ ಚಿತ್ರ. ಅದರಲ್ಲೊಂದು ಭಾಗ ಬೆಂಗಳೂರಿನ ಗಾರ್ಮೆಂಟ್ ಫ್ಯಾಕ್ಟರಿಯದು. ಶೂಟಿಂಗ್ ಮುಗಿಸಿ ಬಂದಿದ್ದಳು. ಅಲ್ಲಿ ಜೊತೆಗಿದ್ದ ದುಭಾಷಿ ರಮೇಶ್ ಎಂಬವನು ಸಾರಾಂಶವನ್ನಷ್ಟೇ ಹೇಳಿದ್ದ. ಇವಳಿಗೆ ಮಾತು ಮಾತಿಗೂ ಇಂಗ್ಲಿಷ್ ಬೇಕಿತ್ತು.

"ಏನ ಇದು, ಸಿನಿಮಾದಾಗ ಸೇರಕೊಂಡ್ಯೇನು?" ಎಂದು ನಮ್ಮ ಮನೆಯವರು ಕಾಡಿಸಿದರು. "ಹೌದು, ಹೀರೋಯಿನ್ನು. ಅಡಗಿ ನೀವ ಮಾಡಕೋರಿ" ಎಂದೆ.

ಕ್ಲಿನಿಕ್ ಇಲ್ಲದ ಎರಡು ದಿನ ಮೆಟ್ರೋಪಾಲಿಟನ್ ಲೈನಿನ ರೈಲು ಹಿಡಿದು ಬೇಕರ್ ಸ್ಟ್ರೀಟಿನಲ್ಲಿ ಬದಲಿಸಿ ಊರ ನಡುವಿನ ಸೋಹೋಗೆ ಹೋಗುತ್ತಿದ್ದೆ. ಹೇರ್ ಕಟಿಂಗ್ ಅಂಗಡಿಯ ಮೇಲೆ ಮೂರು ಮಹಡಿ ಹತ್ತಿದರೆ ಹೆಲೆನ್‌ಳ ಎಡಿಟಿಂಗ್ ಕೋಣೆ. ಕಿಟಕಿಯೇನೋ ಇತ್ತು, ನವೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುವ ಊರಿನಲ್ಲಿ ಅದರಿಂದ ಏನು ಪ್ರಯೋಜನ? ಕಾಲ ಬಳಿ ಒಂದು ಹೀಟರ್. ಗೋಡೆಯ ಕಪಾಟಿನ ತುಂಬ ಆ ಫ್ಯಾಕ್ಟರಿಯಿಂದ ಬಂದು ಇಲ್ಲಿ ಮಾರಾಟವಾಗುವ ಬಿಳಿ ಅಂಗಿಗಳ ಪೊಟ್ಟಣಗಳು, ಚಿತ್ರದಲ್ಲಿ ತೋರಿಸುವುದಕ್ಕೆಂದು ಕೊಂಡು ತಂದವು. ಹೀಟರ್ ಕಾದಂತೆ ಕೋಣೆಯೆಲ್ಲ ಅವುಗಳದೇ ವಾಸನೆ.

ಕೆಲಸ ಹೀಗೆ. ಟೇಪ್ ಓಡುವಾಗ ಪರದೆಯ ಕೆಳಗೆ ಗಂಟೆ, ನಿಮಿಷ, ಸೆಕೆಂಡಿನ ನಂಬರುಗಳು ಓಡುತ್ತವೆ. ಈ ನಂಬರಿನಿಂದ ಈ ನಂಬರಿನವರೆಗೆ ಎಂದು ಹೆಲೆನ್ ಹಾಳೆಯಲ್ಲಿ ಗುರುತು ಹಾಕಿಕೊಡುತ್ತಿದ್ದಳು. ಅಷ್ಟನ್ನು ನಾನು ಇಂಗ್ಲಿಷಿಗೆ ಇಳಿಸಬೇಕು. ಮೊದಲ ನಾಲ್ಕೈದು ಹೆಂಗಸರು ತುಮಕೂರು, ಮಂಡ್ಯದ ಕಡೆಯವರು. ಸಲೀಸಾಗಿ ಬರೆದೆ. ಮೂರನೇ ವಾರ ಬಂದಳು ಕಾಶೀಬಾಯಿ.

ಮುಖ ಕಾಣುತ್ತಿರಲಿಲ್ಲ. ಕಿಟಕಿಗೆ ಎದುರಾಗಿ, ಕ್ಯಾಮೆರಾಕ್ಕೆ ಬೆನ್ನು ಮಾಡಿ ಕೂತಿದ್ದಳು. ಬಿಗಿಯಾದ ಜಡೆ, ತಲೆಯ ಮೇಲೆ ಸೆರಗು. ಬಾಯಿ ಬಿಟ್ಟಳು ನೋಡಿ, ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು.

"ನೀರ ಕುಡಿಯಂಗಿಲ್ರಿ ನಾವು. ನೀರ ಕುಡದ್ರ ಹೊರಗ ಹೋಗಬೇಕಾಗತೈತಿ. ಹೊರಗ ಹೋಗಬೇಕಂದ್ರ ಟೋಕನ್ ಬೇಕು. ಟೋಕನ್ ಸೂಪರ್‌ವೈಸರ್ ಕೈಯಾಗ ಇರತೈತಿ. ಅವಂಗ ಕೇಳೂದಕ್ಕಿಂತ ಬಾಯಿ ಒಣಗಿಸ್ಕೊಂಡ ಕುಂದ್ರೂದ ಪಾಡ ಅಲ್ರಿ?"

ಬಿಜಾಪುರದ ಕಡೆಯ ಮಾತು. ಸ್ವಲ್ಪ ಗೊಗ್ಗರು ದನಿ, ಆದರೆ ಗಟ್ಟಿ. ಸೋಹೋದ ಮೂರನೇ ಮಹಡಿಯಲ್ಲಿ, ಹದಿನೆಂಟು ವರ್ಷದ ಮೇಲೆ, ನನ್ನ ಕಡೆಯ ಹೆಂಗಸೊಬ್ಬಳು ನನ್ನ ಕಿವಿಯೊಳಗೇ ಕೂತು ಮಾತಾಡುತ್ತಿದ್ದಳು. ಹೇಳುವುದು ಕಷ್ಟದ ಮಾತು. ಕೇಳುವ ನನಗೆ ಆಗುತ್ತಿದ್ದದ್ದು ಸುಖ. ನಾಚಿಕೆಗೇಡು, ಆದರೆ ನಿಜ. ಕಣ್ಣಲ್ಲಿ ನೀರು ಬಂತು. ಹೆಲೆನ್ ಅದನ್ನು ಟಾಯ್ಲೆಟ್ ಟೋಕನ್ನಿನ ದುಃಖ ಎಂದುಕೊಂಡು ನನ್ನ ಬೆನ್ನು ಸವರಿದಳು.

ಕಾಶೀಬಾಯಿಯದು ಕಾಲರ್ ಕೂಡಿಸುವ ಕೆಲಸ. "ಇದನ್ನ ಯಾರೋ ಒಬ್ಬಾಕಿ ತೊಡ್ತಾಳಲ್ರಿ" ಎಂದು ಒಂದು ಕಡೆ ಹೇಳಿದ್ದಳು, "ಅಕಿ ಕುತಗಿಗಿ ಚುಚ್ಚಬಾರ್ದಂತ ನಾ ದಾರದ ತುದಿ ಒಳಗ ಸೇರಸ್ತೀನಿ. ಹೊತ್ತಾತು ಅಂತ ಬೈತಾರ. ಬೈಲಿ. ಚುಚ್ಚಿದ್ರ ಅಕಿ ನನಗ ಬೈಯೂದಿಲ್ಲೇನು?" ಈ ನಾಲ್ಕು ಸಾಲಿಗೆ ನಾನು ಒಂದು ಮಧ್ಯಾಹ್ನ ತೆಗೆದುಕೊಂಡೆ. ಅವತ್ತು ರೈಲಿನಲ್ಲಿ ಬರುವಾಗ ಎದುರಿಗೆ ಕೂತವರ ಕುತ್ತಿಗೆಗಳನ್ನೇ ನೋಡುತ್ತ ಬಂದೆ.

ಹೆಲೆನ್ ಗುರುತು ಹಾಕಿದ ನಂಬರುಗಳ ಆಚೆಗೂ ನಾನು ಟೇಪ್ ಓಡಿಸತೊಡಗಿದೆ. ಕೆಲಸಕ್ಕಲ್ಲ, ಆಸೆಗೆ. ಅವಳು ಟೀ ತರಲು ಕೆಳಗಿಳಿದರೆ ಸಾಕು, ಹಿಂದಕ್ಕೆ ತಿರುಗಿಸಿ ಕೇಳುವುದು. ಹಾಗೆ ಒಂದು ದಿನ, ಸಂದರ್ಶನ ಶುರುವಾಗುವ ಮುಂಚಿನ ತುಂಡೊಂದು ಸಿಕ್ಕಿತು. ಕ್ಯಾಮೆರಾ ಸರಿಮಾಡುತ್ತಿದ್ದಾರೆ. ಕಾಶೀಬಾಯಿ ರಮೇಶನ ಜೊತೆ ಮಾತಾಡುತ್ತಿದ್ದಾಳೆ.

"ಇಡೀ ಫ್ಯಾಕ್ಟರಿಯಾಗ ನಮ್ಮ ಕಡ್ಯಾಕಿ ನಾ ಒಬ್ಬಾಕೆ ನೋಡ್ರಿ. ಬಾಯಿ ತಗದ್ರ ನಗ್ತಾರ. ಬಿಜಾಪುರ, ಬಿಜಾಪುರ ಅಂತ ಕರೀತಾರ. ಯಣ್ಣಾ, ನನ್ನ ದನೀನೂ ತಗೀತಾರಲ್ಲ?"

"ಹೂಂ ಕಣಮ್ಮ, ದನಿ ಎಲ್ಲಾ ತೆಗ್ದು ಇಂಗ್ಲಿಷ್ ಹಾಕ್ತಾರೆ. ನೀನು ಹೆದರ್ಕೋಬೇಡ."

"ಖರೇ ಹೇಳ್ರಿ ಯಣ್ಣಾ. ಈ ಕೆಲಸ ಹೋದ್ರ ನಾನು ನನ್ನ ಮಗಳು ಬೀದಿಗಿ ಬೀಳ್ತೀವಿ."

ಅಷ್ಟೇ. ಹೆಲೆನ್ ಬರುವ ಸದ್ದಾಯಿತು, ಟೇಪನ್ನು ಮುಂದಕ್ಕೆ ಓಡಿಸಿದೆ. ಅದನ್ನು ಬರೆಯಲಿಲ್ಲ. ಅದು ನಂಬರಿನ ಒಳಗೆ ಇರಲಿಲ್ಲವಲ್ಲ! ಹೇಗೂ ದನಿ ತೆಗೆಯುತ್ತಾರೆ, ಇಂಗ್ಲಿಷ್ ನಟಿಯೊಬ್ಬಳು ಓದುತ್ತಾಳೆ ಎಂದು ಮೊದಲ ದಿನವೇ ಹೆಲೆನ್ ಹೇಳಿದ್ದಳು.

ಡಿಸೆಂಬರಿನಲ್ಲಿ ಆ ನಟಿ ಬಂದಳು. ಒಳ್ಳೆಯ ಹುಡುಗಿ, ಒಳ್ಳೆಯ ಕಂಠ. ನಾನು ಬರೆದ ಇಂಗ್ಲಿಷನ್ನು ದುಃಖ ಬೆರೆಸಿ ಮೆಲ್ಲಗೆ ಓದಿದಳು. ಕಾಶೀಬಾಯಿಯ ಮಾತಿನಲ್ಲಿದ್ದ ಸಿಟ್ಟು, ಚೇಷ್ಟೆ, "ಬೈಲಿ" ಎನ್ನುವಾಗಿನ ಸೊಕ್ಕು, ಒಂದೂ ಇಲ್ಲ. ಎಂಥದೋ ಕಾಯಿಲೆಯವಳು ಕೂತು ಗೋಳಾಡಿದ ಹಾಗೆ. ನನಗೆ ಮೈ ಉರಿಯಿತು.

"ಇದು ಅವಳಲ್ಲ ಹೆಲೆನ್. ಇವಳನ್ನು ಕೇಳಿದವರು ಅಯ್ಯೋ ಪಾಪ ಎನ್ನುತ್ತಾರೆ, ಅಷ್ಟೇ. ಅವಳನ್ನೇ ಕೇಳಿದರೆ ಮರ್ಯಾದೆ ಕೊಡುತ್ತಾರೆ. ಅವಳ ದನಿ ಇಡು. ಕೆಳಗೆ ಇಂಗ್ಲಿಷ್ ಬರೆ."

ಹೆಲೆನ್ ಎರಡು ದಿನ ಯೋಚಿಸಿದಳು. ಅವಳು ಉಡಾಫೆಯವಳಲ್ಲ. ಮೂರನೇ ದಿನ ನನ್ನನ್ನು ಎದುರು ಕೂರಿಸಿಕೊಂಡು ಕೇಳಿದಳು: "ವಿಮಲಾ, ನನಗೆ ನಿಮ್ಮ ಭಾಷೆ ಗೊತ್ತಿಲ್ಲ. ನೀವೇ ಹೇಳಬೇಕು. ಅವಳು ಮಾತಾಡುವ ರೀತಿಯಿಂದ ಯಾರಾದರೂ ಅವಳ ಗುರುತು ಹಿಡಿಯಬಹುದೇ?"

"ಇಲ್ಲ" ಎಂದೆ. "ಕನ್ನಡ ಅಂದರೆ ಕನ್ನಡ. ಕೋಟಿಗಟ್ಟಲೆ ಜನ ಹೀಗೇ ಮಾತಾಡುತ್ತಾರೆ."

ಧಾರವಾಡದಲ್ಲಿ ಹುಟ್ಟಿದವಳು ನಾನು! ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತಿ ಒಂದು ಟಿಕೆಟ್ ಕೇಳಿದರೆ ಕಂಡಕ್ಟರ್ "ಯಾವ್ ಕಡೆ, ಹುಬ್ಳಿನಾ?" ಎನ್ನುತ್ತಿದ್ದ. ಹದಿನೆಂಟು ವರ್ಷ ಈ ಊರಿನ ಕೂಟಗಳಲ್ಲಿ ನಾಲಿಗೆಯನ್ನು ಮಡಿಚಿಟ್ಟುಕೊಂಡು ಬದುಕಿದವಳು. ಕನ್ನಡ ಅಂದರೆ ಕನ್ನಡ ಎಂದು ಬೇರೆ ಯಾರಾದರೂ ನನ್ನೆದುರು ಹೇಳಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ. ಆದರೆ ಏನೂ ಗೊತ್ತಿಲ್ಲದ, ನನ್ನನ್ನೇ ನಂಬಿ ಕೂತವಳಿಗೆ ಕಣ್ಣು ಮಿಟುಕಿಸದೆ ಹೇಳಿದೆ. ಯಾಕೆ ಎಂದರೆ, ಆ ದನಿ ಲಂಡನ್ನಿನ ಟಿ.ವಿ.ಯಲ್ಲಿ ಬರಬೇಕಿತ್ತು ನನಗೆ. ನನ್ನನ್ನು ಮುದ್ದು ಎಂದವರ ಮನೆಯ ಹಾಲಿನಲ್ಲಿ ಅದು ಗಟ್ಟಿಯಾಗಿ ಕೇಳಬೇಕಿತ್ತು. ಹೆಲೆನ್‌ಗೆ ಹೇಳಿದ ಮರ್ಯಾದೆಯ ಮಾತೂ ಸುಳ್ಳಲ್ಲ. ಆದರೆ ಆಳದಲ್ಲಿದ್ದದ್ದು ಈ ಆಸೆಯೇ.

ಸಂಕ್ರಾಂತಿ ಕಳೆದ ಭಾನುವಾರ ಸಂಜೆ ಚಿತ್ರ ಬಂತು. ನಮ್ಮ ಮನೆಯಲ್ಲಿ ಹತ್ತು ಜನ. ಮಿರ್ಚಿ ಭಜಿ ಕರಿದೆ, ಎಳ್ಳು ಹಂಚಿದೆ. ಮೈಸೂರಿನ ಗೀತಾ ಬಂದಿದ್ದಳು. ಅವಳ ಗಂಡನೂ ನಮ್ಮವರ ಆಸ್ಪತ್ರೆಯಲ್ಲೇ, ನಮಗೆ ಹಳೆಯ ಬಳಕೆ. ಕಾಶೀಬಾಯಿಯ ಬೆನ್ನು ಪರದೆಯ ಮೇಲೆ ಬಂತು. "ನೀರ ಕುಡಿಯಂಗಿಲ್ರಿ ನಾವು" ಎಂದಿತು ಟಿ.ವಿ. ನನ್ನ ಎದೆ ಉಬ್ಬಿತು. ದಾರದ ತುದಿಯ ಮಾತು ಬಂದಾಗ ಗೀತಾ ಕಣ್ಣೊರೆಸಿಕೊಂಡಳು. ಇನ್ನು ಆ ಅಂಗಿ ಮಾರುವ ಅಂಗಡಿಯ ಮೆಟ್ಟಿಲು ತುಳಿಯುವುದಿಲ್ಲ ಎಂದು ಶಪಥ ಮಾಡಿದಳು.

ಆಮೇಲೆ ಭಜಿ ಮುರಿಯುತ್ತ, ಏನೂ ಕೆಟ್ಟದ್ದಿಲ್ಲದ ದನಿಯಲ್ಲಿ ಹೇಳಿದಳು: "ಈಯಮ್ಮ ಬಿಜಾಪುರದ ಕಡೆಯವಳು ಅಲ್ವಾ ವಿಮಲಾ? ಮುಖ ಮುಚ್ಚಿ ಏನ್ ಪ್ರಯೋಜನ ಹೇಳಿ, ಬಾಯಿ ಬಿಟ್ರೆ ಗೊತ್ತಾಗ್ಬಿಡತ್ತೆ."

ಎಲ್ಲರೂ ಹೌದು ಹೌದು ಎಂದು ನಕ್ಕರು. ನಮ್ಮ ಮನೆಯವರು ನಗಲಿಲ್ಲ, ನನ್ನ ಮುಖ ನೋಡಿದರು.

ಮಂದಿ ಹೋದ ಮೇಲೆ ನಮ್ಮವರು ಕೇಳಿದರು: "ಅಕಿ ಫ್ಯಾಕ್ಟರಿ ಮಂದಿ ಇದನ್ನ ನೋಡಿದ್ರ ಏನ್ ಗತಿ?"

"ಅಲ್ಲೆ ಯಾರ್ ನೋಡ್ತಾರ? ಇದು ಇಲ್ಲಿ ಟಿ.ವಿ."

"ಅಂಗಿ ಮಾರಾವ್ರು ಇಲ್ಲೇ ಇದ್ದಾರಲ್ಲ, ಹುಚ್ಚೀ."

ಇಷ್ಟು ಸಣ್ಣ ಮಾತು ನನಗೆ ಹೊಳೆದೇ ಇರಲಿಲ್ಲ. ಅವತ್ತಿನಿಂದ ಫೋನ್ ಸದ್ದಾದರೆ ಸಾಕು, ಹೆಲೆನ್‌ಳದೇ ಎಂದುಕೊಳ್ಳುತ್ತಿದ್ದೆ. ಹೊರಗೆ ಹೆಪ್ಪುಗಟ್ಟುವ ಚಳಿ, ಕಾರಿನ ಗಾಜಿನ ಮೇಲಿನ ಮಂಜನ್ನು ಕೆರೆಯುತ್ತ ನಿಂತಾಗಲೂ ಅದೇ ಯೋಚನೆ. ಚಿತ್ರ ನೋಡಿದ ಜನ ಪತ್ರ ಬರೆದರು. ಕಾಲೇಜು ಹುಡುಗ ಹುಡುಗಿಯರು ಅಂಗಡಿಗಳ ಮುಂದೆ ಫಲಕ ಹಿಡಿದು ನಿಂತರು. ಪೇಪರಿನಲ್ಲಿ ಬಂತು. ಹೆಲೆನ್‌ಳ ಚಿತ್ರ ಗೆದ್ದಿತ್ತು.

ಫೆಬ್ರವರಿಯಲ್ಲಿ ಹೆಲೆನ್ ಫೋನ್ ಮಾಡಿ, ಎಡಿಟಿಂಗ್ ಕೋಣೆಗೆ ಬೇಡ, ಎದುರಿನ ಕೆಫೆಗೆ ಬನ್ನಿ ಎಂದಳು. ಹೋದೆ. ಅವಳ ಮುಖ ನೋಡಿದಾಗಲೇ ಗೊತ್ತಾಯಿತು.

ಅಂಗಡಿಯ ಕಂಪನಿಯವರು ಚಿತ್ರದ ಕ್ಯಾಸೆಟ್ಟನ್ನು ಬೆಂಗಳೂರಿಗೆ ಕಳಿಸಿ ಉತ್ತರ ಕೇಳಿದ್ದರು. ಫ್ಯಾಕ್ಟರಿಯ ಮ್ಯಾನೇಜರು ಸೂಪರ್‌ವೈಸರುಗಳನ್ನು ಕೂರಿಸಿಕೊಂಡು ಅದನ್ನು ಹಾಕಿಸಿದ. ಎರಡನೇ ವಾಕ್ಯ ಮುಗಿಯುವ ಮೊದಲೇ ಒಬ್ಬ "ಬಿಜಾಪುರ" ಎಂದನಂತೆ. ಅವತ್ತು ಮಧ್ಯಾಹ್ನವೇ, ಕಾಲರ್ ಸರಿ ಕೂಡಿಸುವುದಿಲ್ಲವೆಂಬ ನೆಪ ಹೇಳಿ ಕಾಶೀಬಾಯಿಯನ್ನು ಗೇಟಿನ ಹೊರಗೆ ಹಾಕಿದರು. ಸುತ್ತಲಿನ ಫ್ಯಾಕ್ಟರಿಗಳಿಗೂ ಸುದ್ದಿ ಹೋಗಿತ್ತು. ಅವಳು ಎಲ್ಲಿ ಹೋಗಿ ಬಾಯಿ ಬಿಟ್ಟರೂ "ಓ, ಟಿ.ವಿ.ಯವಳು" ಎನ್ನುತ್ತಿದ್ದರಂತೆ.

"ಟೋಕನ್ ಪದ್ಧತಿ ನಿಂತಿದೆ" ಎಂದಳು ಹೆಲೆನ್. "ಈಗ ಎಲ್ಲರೂ ಬೇಕಾದಾಗ ಹೋಗಿ ಬರಬಹುದಂತೆ, ನೀರು ಕುಡಿಯಬಹುದಂತೆ."

ಅವಳೊಬ್ಬಳನ್ನು ಬಿಟ್ಟು.

ಹೆಲೆನ್ ನನ್ನನ್ನು ಒಂದು ಮಾತೂ ಅನ್ನಲಿಲ್ಲ. "ನಾನು ಇನ್ನೊಬ್ಬರನ್ನೂ ಕೇಳಬೇಕಿತ್ತು, ತಪ್ಪು ನನ್ನದು" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆಯಲಾಗಲಿಲ್ಲ. ಟೇಪಿನ ಆ ತುಂಡಿನ ಬಗ್ಗೆ ಹೇಳಿಬಿಟ್ಟೆ. ಕಾಶೀಬಾಯಿ ದನಿ ತೆಗೆಯುತ್ತಾರಲ್ಲ ಎಂದು ಕೇಳಿದ್ದು, ರಮೇಶ ಹೂಂ ಎಂದದ್ದು, ಬೀದಿಗೆ ಬೀಳುತ್ತೇವೆ ಎಂದದ್ದು, ನಾನು ಕೇಳಿಸಿಕೊಂಡು ಟೇಪನ್ನು ಮುಂದಕ್ಕೆ ಓಡಿಸಿದ್ದು, ಎಲ್ಲ. ಹೆಲೆನ್ ಎದ್ದು, ಕೋಟು ಹಾಕಿಕೊಂಡು, ಹಿಂದೆ ನೋಡದೆ ಹೋದಳು. ನಾವು ಮತ್ತೆ ಭೇಟಿಯಾಗಲಿಲ್ಲ.

ಅದೇ ತಿಂಗಳ ಕೊನೆಗೆ ಹ್ಯಾರೋ ಸ್ಟೇಷನ್ ಮುಂದೆ ಗೀತಾ ಸಿಕ್ಕಳು. ಕೈಯಲ್ಲಿ ಅದೇ ಅಂಗಡಿಯ ಎರಡು ಚೀಲ. "ಏನ್ ಮಾಡೋದು ವಿಮಲಾ, ಮಕ್ಕಳ ಬಟ್ಟೆ ಬೇರೆ ಎಲ್ಲೂ ಇಷ್ಟು ಅಗ್ಗ ಸಿಗಲ್ಲ" ಎಂದು ನಾಚಿಕೊಂಡಳು. ಅವಳ ಮೇಲೆ ಸಿಟ್ಟು ಮಾಡಲು ನನಗೆ ಯಾವ ಮುಖವಿತ್ತು? ಅವಳು ಒಂದು ಶಪಥ ಮುರಿದಿದ್ದಳು. ನಾನು ಒಬ್ಬಳ ಅನ್ನ ಕಳೆದಿದ್ದೆ.

ರಮೇಶನನ್ನು ಹುಡುಕಿ ಹಿಡಿಯುವ ಹೊತ್ತಿಗೆ ಮಾರ್ಚ್ ಬಂದಿತ್ತು. ಕಾಶೀಬಾಯಿ ಇರುವ ಕೋಣೆಯ ಕೆಳಗಿನ ದಿನಸಿ ಅಂಗಡಿಯ ಫೋನ್ ನಂಬರ್ ಕೊಟ್ಟ. ವಿದೇಶಕ್ಕೆ ಅಗ್ಗದಲ್ಲಿ ಮಾತಾಡಲು ಸಿಗುವ, ಗೀರಿದರೆ ಗುಪ್ತ ನಂಬರ್ ಕಾಣುವ ಫೋನ್ ಕಾರ್ಡನ್ನು ಇಲ್ಲಿನ ಅಂಗಡಿಯಿಂದ ತಂದೆ. ಮೂರು ದಿನ ಅದು ಫ್ರಿಜ್ಜಿನ ಮೇಲೆ ಬಿದ್ದಿತ್ತು. ನಾಲ್ಕನೆಯ ದಿನ, ಮನೆಯಲ್ಲಿ ಯಾರೂ ಇಲ್ಲದ ಬೆಳಿಗ್ಗೆ, ಅಡುಗೆಮನೆಯಲ್ಲಿ ನಿಂತು ನಂಬರ್ ಒತ್ತಿದೆ. ಅಲ್ಲಿ ಸಂಜೆಯಾಗುತ್ತಿರಬೇಕು. ಕರೆಯುತ್ತೇನೆ, ಲೈನಲ್ಲಿರಿ ಎಂದ ಅಂಗಡಿಯವನು. ಅವಳು ಬೈಯಲಿ ಎಂದುಕೊಂಡೆ. ಆ ಮಾತಿನಲ್ಲಿ, ಆ ಸೊಕ್ಕಿನಲ್ಲಿ ಬಾಯಿಗೆ ಬಂದಂತೆ ಬೈಯಲಿ, ಕೇಳಿಸಿಕೊಳ್ಳುತ್ತೇನೆ.

"ಹಲೋ, ಯಾರು ಮಾತಾಡ್ತಿರೋದು?" ಅಚ್ಚ ಬೆಂಗಳೂರಿನ ಕನ್ನಡ. ಯಾರೋ ಪಕ್ಕದ ಮನೆಯವಳು ಬಂದಿದ್ದಾಳೆ ಎಂದುಕೊಂಡೆ.

"ಕಾಶೀಬಾಯಿನ್ನ ಒಂಚೂರು ಕರೀರಿ. ಲಂಡನ್‌ದಿಂದ ಫೋನ್ ಬಂದದ ಅಂತ ಹೇಳ್ರಿ."

"ನಾನೇ ಮೇಡಂ, ಕಾಶಿ. ಹೇಳಿ."

ಗೊಗ್ಗರು ಅದೇ. ಕಿವಿಗೊಟ್ಟು ಕೇಳಿದರೆ ಅದೇ ಗಂಟಲು. ಕುರ್ಚಿ ಎಳೆದುಕೊಂಡು ಕೂತೆ. ಎಲ್ಲ ಹೇಳಿದೆ. ನಾನು ಯಾರು, ಹೆಲೆನ್ ಏನು ಕೇಳಿದಳು, ನಾನು ಏನು ಹೇಳಿದೆ, ಟೇಪಿನಲ್ಲಿ ಏನು ಕೇಳಿಸಿತ್ತು, ಒಂದೂ ಬಿಡಲಿಲ್ಲ. ಅಳುತ್ತಲೇ ಹೇಳಿದೆ.

"ಹೋಗ್ಲಿ ಬಿಡಿ ಮೇಡಂ" ಎಂದಳು ಕೊನೆಗೆ. "ಈಗ ಬೇರೆ ಕಡೆ ಕೆಲಸ ಸಿಕ್ಕಿದೆ. ದೂರ ಇದೆ, ಎರಡು ಬಸ್ಸು. ಹೆಸರು ಭಾಗ್ಯ ಅಂತ ಕೊಟ್ಟಿದೀನಿ. ತುಮಕೂರು ಕಡೆಯವಳು ಅಂತ ಹೇಳಿದೀನಿ. ಯಾರಿಗೂ ಡೌಟ್ ಬಂದಿಲ್ಲ."

"ಕಾಶವ್ವಾ, ನನ್ನ ಜೋಡಿ ನಮ್ಮ ಮಾತನ್ಯಾಗ ಮಾತಾಡವಾ. ಇಲ್ಲೆ ಯಾರೂ ಇಲ್ಲ. ಯಾರೂ ಕೇಳಂಗಿಲ್ಲ."

ಫೋನಿನಲ್ಲಿ ಅಂಗಡಿಯ ತಕ್ಕಡಿಯ ಸದ್ದು, ಹೊರಗೆ ಆಟೋ ಸದ್ದು.

"ಬೇಡ ಮೇಡಂ. ರೂಢಿ ತಪ್ಪತ್ತೆ. ಫ್ಯಾಕ್ಟರಿಲಿ ಅಪ್ಪಿತಪ್ಪಿ ಬಾಯಿಗೆ ಬಂದ್ಬಿಟ್ರೆ ಏನ್ ಮಾಡ್ಲಿ? ರಾತ್ರಿ ಕನಸಲ್ಲಿ ಮಾತಾಡಿದ್ರೂ ಹೆದ್ರಿಕೆ ಆಗತ್ತೆ."

ಅಷ್ಟರಲ್ಲಿ ಅವಳ ಮಗ್ಗುಲಲ್ಲಿ ಸಣ್ಣ ದನಿಯೊಂದು ಕೇಳಿತು. ಮಗಳಿರಬೇಕು. "ಅವ್ವಾ, ಯಾರ್ದ ಐತಿ ಫೋನು?"

ಪಟ್ ಎಂದು ಏಟು ಬಿದ್ದ ಸದ್ದಾಯಿತು.

"ಅಮ್ಮ ಅನ್ನು. ಎಷ್ಟು ಸಲ ಹೇಳ್ಬೇಕು ನಿಂಗೆ? ಅಮ್ಮ ಅನ್ನು."

ಮಗು ಬಿಕ್ಕುತ್ತ "ಅಮ್ಮಾ" ಎಂದಿತು.